ಡಾಲ್ಫಿನ್ ಜೊತೆ ಈಜೋಕೆ ಹೊರಡೋ ಮುಂಚೆ: 1900 ವರ್ಷಗಳ ಒಂದು ಕಥೆ

 ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಮುಂಬೈ ಲೋಕಲ್‌ನಲ್ಲೋ ದೆಹಲಿ ಮೆಟ್ರೋದಲ್ಲೋ ನಿಂತುಕೊಂಡೇ ಓದುವವರು, ನಿಮಗಾಗಿಯೇ ಇದು.

ವಿಷಯ ರಜೆಯದ್ದು. ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಹಿಂಜೆವಾಡಿಯಿಂದ ಗಚ್ಚಿಬೌಲಿವರೆಗೆ ನಮ್ಮವರ ಮನೆಗಳಲ್ಲಿ ಒಂದೇ ಚರ್ಚೆ: ಈ ಸಲ ಊರಿಗಾ, ಇಲ್ಲ ಫಾರಿನ್ನಿಗಾ? ಫಾರಿನ್ ಅಂತ ತೀರ್ಮಾನ ಆದರೆ ದುಬೈ, ಮಾರಿಷಸ್, ಬಾಲಿ ಪ್ಯಾಕೇಜುಗಳು ವಾಟ್ಸಾಪ್‌ಗೆ ಬಂದು ಬೀಳುತ್ತವೆ. ಅದರಲ್ಲಿ ಒಂದು ಸಾಲು ಇದ್ದೇ ಇರುತ್ತೆ: ಡಾಲ್ಫಿನ್ ಜೊತೆ ಈಜು. ಪಕ್ಕದಲ್ಲಿ ಒಂದು ಫೋಟೋ. ನೀಲಿ ನೀರು, ನಗುವ ಮಗು, ನಗುವ ಡಾಲ್ಫಿನ್.

ಮೊದಲು ಆ ನಗುವಿನ ವಿಷಯ ಹೇಳಿಬಿಡ್ತೀನಿ. ಡಾಲ್ಫಿನ್ ನಗುತ್ತಾ ಇಲ್ಲ. ಅದರ ದವಡೆಯ ಆಕಾರವೇ ಹಾಗೆ. ಖುಷಿಯಲ್ಲಿದ್ದರೂ ಅದೇ ಮುಖ, ನೋವಲ್ಲಿದ್ದರೂ ಅದೇ ಮುಖ, ಸತ್ತ ಮೇಲೂ ಅದೇ ಮುಖ. ನಮ್ಮ ಹಾಗೆ ಮುಖ ಸಿಂಡರಿಸಿ ಬೇಸರ ತೋರಿಸೋ ಸೌಲಭ್ಯ ಪಾಪ ಅದಕ್ಕಿಲ್ಲ. ಮನುಷ್ಯ ಮತ್ತು ಡಾಲ್ಫಿನ್ ಸ್ನೇಹದ ಇತಿಹಾಸದಲ್ಲಿ ಅರ್ಧ ಗೊಂದಲ ಶುರುವಾಗೋದೇ ಈ ಮುಖದಿಂದ.

ಹಾಗಾದರೆ ಹೋಗಬೇಕಾ, ಬೇಡವಾ? ಹೋಗುವುದಾದರೆ ಹೇಗೆ ತಯಾರಾಗಬೇಕು? ಉತ್ತರ ಹುಡುಕೋಕೆ ಹಿಂದಿನ ಕಥೆ ಸ್ವಲ್ಪ ಗೊತ್ತಿದ್ದರೆ ಒಳ್ಳೇದು.

ಹಿಪ್ಪೋ ಪಟ್ಟಣದ ಹುಡುಗ

ಇವತ್ತಿನ ಟ್ಯುನೀಷಿಯಾ ದೇಶದ ಉತ್ತರ ತುದಿಯಲ್ಲಿ ಬಿಜೆರ್ಟ್ ಅನ್ನೋ ಬಂದರು ಇದೆ. ರೋಮನ್ನರ ಕಾಲದಲ್ಲಿ ಅದರ ಹೆಸರು ಹಿಪ್ಪೋ. ಸುಮಾರು 1900 ವರ್ಷಗಳ ಹಿಂದೆ ಅಲ್ಲಿ ನಡೆದ ಒಂದು ಘಟನೆಯನ್ನು ಕಿರಿಯ ಪ್ಲಿನಿ ಎಂಬ ರೋಮನ್ ಅಧಿಕಾರಿ ತನ್ನ ಕವಿಮಿತ್ರನಿಗೆ ಪತ್ರದಲ್ಲಿ ಬರೆದಿದ್ದಾನೆ.

ಊರಿನ ಹುಡುಗರಿಗೆ ಈಜುವ ಪಂದ್ಯ. ದಡದಿಂದ ಯಾರು ಹೆಚ್ಚು ದೂರ ಹೋಗ್ತಾರೋ ಅವರೇ ಗೆದ್ದ ಹಾಗೆ. ಒಬ್ಬ ಧೈರ್ಯದ ಹುಡುಗ ಬಹಳ ದೂರ ಹೋದ. ಅಲ್ಲಿ ಒಂದು ಡಾಲ್ಫಿನ್ ಎದುರಾಯಿತು. ಮುಂದೆ ಬಂತು, ಹಿಂದೆ ಹೋಯಿತು, ಸುತ್ತ ಸುತ್ತಿತು, ಕೊನೆಗೆ ಹುಡುಗನನ್ನು ಬೆನ್ನ ಮೇಲೆ ಹೊತ್ತು ಒಂದಷ್ಟು ದೂರ ಕರೆದೊಯ್ದು ವಾಪಸ್ ದಡಕ್ಕೆ ತಂದು ಬಿಟ್ಟಿತು. ಮರುದಿನ ಇಡೀ ಊರು ಸಮುದ್ರದ ದಡದಲ್ಲಿ. ದಿನ ಕಳೆದಂತೆ ಭಯ ಹೋಗಿ ಜನ ಅದನ್ನು ಮುಟ್ಟಿ ಮಾತಾಡಿಸೋಕೆ ಶುರು ಮಾಡಿದರು.

ಸುದ್ದಿ ಹರಡಿತು. ಪ್ರಾಂತ್ಯದ ಒಬ್ಬ ದೊಡ್ಡ ಅಧಿಕಾರಿ ಬಂದ. ಭಕ್ತಿಯೋ ಮೌಢ್ಯವೋ, ದಡಕ್ಕೆ ಬಂದಿದ್ದ ಡಾಲ್ಫಿನ್ ಮೇಲೆ ಸುಗಂಧ ತೈಲ ಸುರಿದ. ಆ ವಿಚಿತ್ರ ವಾಸನೆಗೆ ಅದು ಹೆದರಿ ಆಳಕ್ಕೆ ಓಡಿಹೋಯಿತು. ಹಲವು ದಿನ ಕಾಣಲಿಲ್ಲ. ಮತ್ತೆ ಬಂದಾಗ ಸೊರಗಿ, ಮಂಕಾಗಿತ್ತು. ಆಮೇಲೆ ಚೇತರಿಸಿಕೊಂಡಿತು.

ಆದರೆ ಬರುವವರ ಸಂಖ್ಯೆ ಏರುತ್ತಲೇ ಹೋಯಿತು. ಬರುವ ಅಧಿಕಾರಿಗಳಿಗೆಲ್ಲ ಊಟ, ವಸತಿ ಊರಿನ ಲೆಕ್ಕದಲ್ಲಿ. ಸಣ್ಣ ಊರಿನ ಬೊಕ್ಕಸ ಬಸವಳಿಯಿತು. ಊರಿನ ನೆಮ್ಮದಿಯೂ ಹಾಳಾಯಿತು. ಕೊನೆಗೆ ಊರವರು ಏನು ಮಾಡಿದರು ಗೊತ್ತಾ? ಜನ ನೋಡೋಕೆ ಬರುತ್ತಿದ್ದ ಆ ಪ್ರಾಣಿಯನ್ನು ಗುಟ್ಟಾಗಿ ಕೊಂದುಬಿಡೋದು ಅಂತ ತೀರ್ಮಾನಿಸಿದರು.

ಈ ಕಥೆಯಲ್ಲಿ ಏನೇನಿದೆ ನೋಡಿ. ತಾನಾಗಿಯೇ ಹತ್ತಿರ ಬಂದ ಪ್ರಾಣಿ, ಅದರ ಸುದ್ದಿ, ಜನಜಂಗುಳಿ, ಅತಿ ಪ್ರೀತಿ, ಖರ್ಚಿನ ಲೆಕ್ಕ. ಕೊನೆಗೆ ಬಿಲ್ಲು ಬಂದಿದ್ದು ಡಾಲ್ಫಿನ್ ತಲೆಗೆ. ಇದೇ ಕಥೆ ಮುಂದೆ ಬೇರೆ ಬೇರೆ ದೇಶಗಳಲ್ಲಿ ಮರುಕಳಿಸುತ್ತಾ ಹೋಗುತ್ತೆ.

ಅಶೋಕನ ಪಟ್ಟಿ

ಈ ರೋಮನ್ ಪತ್ರಕ್ಕಿಂತ ಮೂರು ಶತಮಾನಕ್ಕೂ ಹಿಂದೆ ನಮ್ಮಲ್ಲಿ ಬೇರೊಂದು ದಾರಿ ಕಾಣುತ್ತೆ. ಅಶೋಕ ತನ್ನ ಪಟ್ಟಾಭಿಷೇಕದ 26 ವರ್ಷಗಳ ನಂತರ ಬರೆಸಿದ ಐದನೇ ಸ್ತಂಭಶಾಸನದಲ್ಲಿ ಯಾವ ಯಾವ ಪ್ರಾಣಿಗಳನ್ನು ಕೊಲ್ಲಬಾರದು ಅನ್ನೋ ಪಟ್ಟಿ ಇದೆ. ಅದರಲ್ಲಿ ‘ಗಂಗಾಪುಪುಟಕ’ ಅನ್ನೋ ಹೆಸರು ಬರುತ್ತೆ. ವಿದ್ವಾಂಸರು ಅದನ್ನು ಗಂಗಾನದಿಯ ಡಾಲ್ಫಿನ್ ಅಂತ ಗುರುತಿಸುತ್ತಾರೆ. ನಮ್ಮ ಮಸ್ಕಿ, ಬ್ರಹ್ಮಗಿರಿಯ ಬಂಡೆಗಳಲ್ಲಿ ಈ ಪಟ್ಟಿ ಇಲ್ಲ. ಆದರೆ ದೆಹಲಿಯಲ್ಲಿರುವವರು ಫಿರೋಜ್ ಷಾ ಕೋಟ್ಲಾಕ್ಕೆ ಹೋದರೆ ಅಲ್ಲಿನ ಕಂಬದ ಮೇಲೆ ಈ ಶಾಸನ ಇವತ್ತಿಗೂ ಇದೆ. ಡಾಲ್ಫಿನ್ ನೋಡೋಕೆ ದುಬೈಗೆ ಹೋಗೋ ಮುಂಚೆ ಒಂದು ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ನ್ಯೂಜಿಲೆಂಡಿನ ಇಬ್ಬರು

ಈಗ ನೇರವಾಗಿ 1888ಕ್ಕೆ ಬರೋಣ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉತ್ತರದಲ್ಲಿ ಫ್ರೆಂಚ್ ಪಾಸ್ ಅಂತ ಒಂದು ಕಿರಿದಾದ, ಅಪಾಯದ ಜಲಮಾರ್ಗ. ಅದರ ಸಮೀಪ ಒಂದು ರಿಸ್ಸೋ ಜಾತಿಯ ಡಾಲ್ಫಿನ್ ಹಡಗುಗಳ ಮುಂದೆ ಮುಂದೆ ಈಜುತ್ತಾ ಬರೋಕೆ ಶುರು ಮಾಡಿತು. ಒಂದಲ್ಲ ಎರಡಲ್ಲ, 24 ವರ್ಷ. ಜನ ಅದಕ್ಕೆ ‘ಪೆಲೋರಸ್ ಜ್ಯಾಕ್’ ಅಂತ ಹೆಸರಿಟ್ಟರು. ಪ್ರಯಾಣಿಕರು ಅದನ್ನು ನೋಡೋಕೆಂದೇ ಆ ದಾರಿಯ ಹಡಗು ಹತ್ತುತ್ತಿದ್ದರು.

1904ರಲ್ಲಿ ‘ಪೆಂಗ್ವಿನ್’ ಅನ್ನೋ ಹಡಗಿನಿಂದ ಯಾರೋ ಅದರ ಕಡೆ ಬಂದೂಕು ಹಾರಿಸಿದರು ಅನ್ನೋ ಸುದ್ದಿ ಹಬ್ಬಿತು. ಜನ ಕೆರಳಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸರ್ಕಾರ ಆ ನೀರಿನಲ್ಲಿ ರಿಸ್ಸೋ ಡಾಲ್ಫಿನ್ ಹಿಡಿಯುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು. ಸಮುದ್ರದ ಒಂದು ಒಂಟಿ ಪ್ರಾಣಿಯನ್ನು ಕಾಪಾಡೋಕೆ ಒಂದು ಸರ್ಕಾರ ಕಾನೂನು ತಂದ ಅಪರೂಪದ ಉದಾಹರಣೆ ಇದು. ಜ್ಯಾಕ್ 1912ರವರೆಗೆ ಕಾಣಿಸಿಕೊಂಡಿತು. ಅದರ ಜೊತೆ ಯಾರೂ ಈಜಲಿಲ್ಲ, ಯಾರೂ ಮುಟ್ಟಲಿಲ್ಲ ಅನ್ನೋದನ್ನ ಸ್ವಲ್ಪ ನೆನಪಿಡಿ. ಹಡಗು ಅದರ ಪಾಡಿಗೆ ಹೋಗುತ್ತಿತ್ತು, ಡಾಲ್ಫಿನ್ ಇಷ್ಟ ಬಂದಾಗ ಬರುತ್ತಿತ್ತು.

ಎರಡನೇ ಡಾಲ್ಫಿನ್ನಿಗೆ ಆ ಅದೃಷ್ಟ ಇರಲಿಲ್ಲ. 1955ರಲ್ಲಿ ಅದೇ ದೇಶದ ಉತ್ತರ ದ್ವೀಪದ ಓಪೊನೋನಿ ಅನ್ನೋ ಸಣ್ಣ ಊರಿನ ಬಳಿ ಒಂದು ಎಳೆಯ ಬಾಟಲ್‌ನೋಸ್ ಡಾಲ್ಫಿನ್ ಕಾಣಿಸಿಕೊಂಡಿತು. ಹಳೆಯ ಜ್ಯಾಕ್ ನೆನಪಿಗೆ ಮೊದಲು ಇದನ್ನು ‘ಓಪೊನೋನಿ ಜ್ಯಾಕ್’ ಅಂದರು. ಆಮೇಲೆ ಉಳಿದದ್ದು ‘ಓಪೋ’ ಅನ್ನೋ ಮುದ್ದು ಹೆಸರು. ಆ ಬೇಸಿಗೆಯಲ್ಲಿ ಓಪೋ ಮಕ್ಕಳ ಜೊತೆ ಚೆಂಡಾಟ ಆಡಿತು. ಒಬ್ಬ 13 ವರ್ಷದ ಹುಡುಗಿಯನ್ನಂತೂ ಬಹಳ ಹಚ್ಚಿಕೊಂಡಿತು. ಸಾವಿರಾರು ಜನ ಕಾರು ಹತ್ತಿ ಬಂದರು. ಎಲ್ಲರೂ ಒಳ್ಳೆಯವರಿರಲಿಲ್ಲ. ಕೆಲವರು ಅದನ್ನು ನೀರಿನಿಂದ ಎಳೆಯೋಕೆ, ಮೇಲೆ ಹತ್ತೋಕೆ ನೋಡಿದರು.

ಊರವರು ರಕ್ಷಣೆ ಕೇಳಿದರು. ಸರ್ಕಾರ ಒಪ್ಪಿತು. ಆ ಬಂದರಿನಲ್ಲಿ ಡಾಲ್ಫಿನ್ನಿಗೆ ತೊಂದರೆ ಕೊಡಬಾರದು ಅನ್ನೋ ಕಾನೂನು ಜಾರಿಯಾದದ್ದು 1956ರ ಮಾರ್ಚ್ 8ಕ್ಕೆ. ಮಾರ್ಚ್ 9ರಂದು ಓಪೋ ಬಂಡೆಗಳ ಸಂದಿಯಲ್ಲಿ ಸತ್ತು ಬಿದ್ದಿತ್ತು. ಊರಿನ ಸಭಾಭವನದ ಪಕ್ಕದಲ್ಲೇ ಮಣ್ಣು ಮಾಡಿದರು. ಇವತ್ತಿಗೂ ಅಲ್ಲಿ ಡಾಲ್ಫಿನ್ ಜೊತೆ ಆಡುವ ಹುಡುಗನ ಶಿಲ್ಪದಲ್ಲಿ ಓಪೋ ಉಳಿದಿದೆ.

ಕಾನೂನು ತಡವಾಗಿ ಬಂತು ಅಂತ ಕೆಲವರು ಹೇಳ್ತಾರೆ. ನನಗೆ ಅನ್ನಿಸೋದು, ಕಾನೂನಿಗಿಂತ ಮುಂಚೆ ಬೇಕಾಗಿದ್ದು ಬಂದವರ ಸ್ವಲ್ಪ ವಿವೇಕ.

ಸಮುದ್ರದಿಂದ ಕೊಳಕ್ಕೆ

ಇಲ್ಲಿಯವರೆಗೆ ಡಾಲ್ಫಿನ್ ತಾನಾಗಿ ಬರುತ್ತಿತ್ತು. ಅದನ್ನು ಟೈಮ್‌ಟೇಬಲ್ ಪ್ರಕಾರ ತರಿಸೋ ವ್ಯವಸ್ಥೆ ಶುರುವಾಗಿದ್ದು ಅಮೆರಿಕದ ಫ್ಲೋರಿಡಾದಲ್ಲಿ. 1938ರ ಜೂನ್‌ನಲ್ಲಿ ಸೇಂಟ್ ಆಗಸ್ಟೀನ್ ಹತ್ತಿರ ‘ಮರೀನ್ ಸ್ಟುಡಿಯೋಸ್’ ತೆರೆಯಿತು. ಹೆಸರೇ ಹೇಳುವಂತೆ ಮೂಲ ಉದ್ದೇಶ ನೀರೊಳಗಿನ ಸಿನಿಮಾ ಶೂಟಿಂಗ್. ಸ್ಥಾಪಕರಲ್ಲಿ ಒಬ್ಬ ಇಲ್ಯಾ ಟಾಲ್‌ಸ್ಟಾಯ್, ಸಾಹಿತಿ ಟಾಲ್‌ಸ್ಟಾಯ್ ಮೊಮ್ಮಗ. ತೊಟ್ಟಿಯಲ್ಲಿ ಬಿಟ್ಟ ಡಾಲ್ಫಿನ್‌ಗಳು ತಾವಾಗಿಯೇ ಆಡೋದನ್ನು ನೋಡೋಕೆ ಜನ ಮುಗಿಬಿದ್ದರು. ಆಮೇಲೆ ತರಬೇತಿ, ಷೋ, ಟಿಕೆಟ್.

1963ರಲ್ಲಿ ‘ಫ್ಲಿಪರ್’ ಸಿನಿಮಾ, 1964ರಿಂದ ಅದೇ ಹೆಸರಿನ ಟಿವಿ ಧಾರಾವಾಹಿ. ಒಂದು ಕುಟುಂಬ, ಇಬ್ಬರು ಹುಡುಗರು, ಸಾಕಿದ ನಾಯಿಯ ಹಾಗೆ ಬೇಕಾದಾಗ ಬರುವ ಡಾಲ್ಫಿನ್. ಒಂದೇ ಪಾತ್ರವನ್ನು ಹಲವು ಡಾಲ್ಫಿನ್‌ಗಳು ಮಾಡುತ್ತಿದ್ದವು. ಅವನ್ನು ಪಳಗಿಸುತ್ತಿದ್ದವನು ರಿಕ್ ಓಬ್ಯಾರಿ. ಅವುಗಳಲ್ಲಿ ಕ್ಯಾಥಿ ಅನ್ನೋದು 1970ರಲ್ಲಿ ಅವನ ಕೈಯಲ್ಲೇ ಉಸಿರು ನಿಲ್ಲಿಸಿತು. ಡಾಲ್ಫಿನ್ ನಮ್ಮ ಹಾಗೆ ಅಪ್ರಯತ್ನವಾಗಿ ಉಸಿರಾಡಲ್ಲ, ಪ್ರತಿ ಉಸಿರನ್ನೂ ಅದು ಬೇಕಂತಲೇ ತೆಗೆದುಕೊಳ್ಳಬೇಕು. ಕ್ಯಾಥಿ ಬೇಕಂತಲೇ ಉಸಿರು ಬಿಟ್ಟಿತು ಅನ್ನೋದು ಓಬ್ಯಾರಿಯ ಮಾತು. ನಂಬೋದು ಬಿಡೋದು ನಮಗೆ ಸೇರಿದ್ದು. ಆದರೆ ಆವತ್ತಿನಿಂದ ಅವನು ಸಾಕಿದ ಕೆಲಸದ ವಿರುದ್ಧವೇ ನಿಂತ. 2010ರಲ್ಲಿ ಆಸ್ಕರ್ ಪಡೆದ ‘ದಿ ಕೋವ್’ ಸಾಕ್ಷ್ಯಚಿತ್ರದ ಕೇಂದ್ರವ್ಯಕ್ತಿ ಅವನೇ.

ಗ್ಯಾಲರಿಯಲ್ಲಿ ಕೂತು ನೋಡೋದು ಸಾಕಾಗಿ, ನೀರಿಗೇ ಇಳಿಯೋ ಪ್ಯಾಕೇಜು ಬಂದಿದ್ದು 1980ರ ದಶಕದಲ್ಲಿ, ಮತ್ತೆ ಫ್ಲೋರಿಡಾದಲ್ಲೇ. ಷೋಗೆ ಒಂದು ಟಿಕೆಟ್ ದರ, ನೀರಿಗಿಳಿದರೆ ಅದರ ಹಲವು ಪಟ್ಟು. ವ್ಯಾಪಾರದ ಲೆಕ್ಕ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. 1990ರ ದಶಕದಲ್ಲಿ ಅಮೆರಿಕ ಸರ್ಕಾರ ಮಾಡಿಸಿದ ಅಧ್ಯಯನದಲ್ಲಿ ಒಂದು ಅಂಶ ಸ್ಪಷ್ಟವಾಯಿತು: ತರಬೇತುದಾರರ ಹಿಡಿತ ಇಲ್ಲದ ಈಜಿನಲ್ಲಿ ಮನುಷ್ಯರಿಗೂ ಅಪಾಯ, ಡಾಲ್ಫಿನ್‌ಗಳಿಗೂ ಒತ್ತಡ.

ಅಪಾಯ ಅಂದರೆ ಎಷ್ಟು? 1994ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದ ಕರಾವಳಿಯಲ್ಲಿ ‘ತಿಯಾವೊ’ ಅನ್ನೋ ಒಂಟಿ ಡಾಲ್ಫಿನ್ ಜನರ ಜೊತೆ ಆಡುತ್ತಿತ್ತು. ಜನ ಅದರ ರೆಕ್ಕೆ ಹಿಡಿದು ಜೋತುಬಿದ್ದರು, ಮೇಲೆ ಹತ್ತಿದರು, ಉಸಿರಾಟದ ರಂಧ್ರಕ್ಕೆ ಕಡ್ಡಿ ತುರುಕೋಕೂ ನೋಡಿದರು. ಹಲವರಿಗೆ ಅದು ಗುದ್ದಿ ಗಾಯ ಮಾಡಿತು. ಡಿಸೆಂಬರ್‌ನಲ್ಲಿ ಒಬ್ಬ ಸತ್ತೇಹೋದ. ನೂರಾರು ಕೆಜಿ ತೂಕದ ಪ್ರಾಣಿ ಅದು, ಸ್ನೇಹಿತರೇ. ಮುಖದಲ್ಲಿ ನಗು ಇದೆ ಅಂತ ಮೈಯಲ್ಲಿ ಬಲ ಇಲ್ಲ ಅಂತಲ್ಲ.

ದುಬೈಗೆ ಬಂದ 28, ಸಿಂಗಪುರಕ್ಕೆ ಹೊರಟ 25

ನಮ್ಮ ಪ್ಯಾಕೇಜಿನ ಡಾಲ್ಫಿನ್ ಎಲ್ಲಿಂದ ಬಂತು? ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳಿಂದ 2003ರಲ್ಲಿ 28 ಕಾಡು ಡಾಲ್ಫಿನ್‌ಗಳು ಮೆಕ್ಸಿಕೋದ ಕಾನ್‌ಕೂನ್‌ಗೆ ಹೋದವು. 2007ರ ಅಕ್ಟೋಬರ್‌ನಲ್ಲಿ ಇನ್ನೂ 28 ವಿಮಾನದಲ್ಲಿ ದುಬೈಗೆ ಬಂದವು. ಪಾಮ್ ದ್ವೀಪದಲ್ಲಿ ಆಗ ಏಳುತ್ತಿದ್ದ ದೊಡ್ಡ ರೆಸಾರ್ಟ್‌ಗಾಗಿ. 2008, 2009ರಲ್ಲಿ ಅದೇ ದ್ವೀಪಗಳ 27 ಡಾಲ್ಫಿನ್‌ಗಳನ್ನು ಸಿಂಗಪುರದ ರೆಸಾರ್ಟ್ ಕೊಂಡುಕೊಂಡಿತು. ಅದರಲ್ಲಿ ಎರಡು ಲಂಕಾವಿಯಲ್ಲಿ 2010ರಲ್ಲಿ ಸತ್ತವು. ಇನ್ನೊಂದು 2012ರಲ್ಲಿ ಫಿಲಿಪ್ಪೀನ್ಸ್‌ನಿಂದ ಸಿಂಗಪುರಕ್ಕೆ ಹಾರುವಾಗ ದಾರಿಯಲ್ಲೇ ಹೋಯಿತು. ಹೊರಟದ್ದು 25, ಜೀವಂತ ಇಳಿದದ್ದು 24.

ಚೆನ್ನೈನವರಿಗೆ ಇನ್ನೊಂದು ಕಥೆ ಹತ್ತಿರದ್ದು. 1990ರ ದಶಕದ ಕೊನೆಯಲ್ಲಿ ಚೆನ್ನೈ ಹೊರವಲಯದ ‘ಡಾಲ್ಫಿನ್ ಸಿಟಿ’ಗೆ ಬಲ್ಗೇರಿಯಾದಿಂದ ಡಾಲ್ಫಿನ್‌ಗಳನ್ನು ತಂದರು. ಆರು ತಿಂಗಳೊಳಗೆ ಅವು ಸತ್ತವು. ಮುಂದೆ ಕೇರಳ, ಮಹಾರಾಷ್ಟ್ರದ ಕಡೆ ಹೊಸ ಡಾಲ್ಫಿನ್ ಪಾರ್ಕುಗಳ ಪ್ರಸ್ತಾಪ ಬಂದಾಗ ಈ ಸಾವುಗಳು ಮತ್ತೆ ಚರ್ಚೆಗೆ ಬಂದವು. 2013ರ ಮೇ 17ರಂದು ಕೇಂದ್ರ ಮೃಗಾಲಯ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು: ದೇಶದಲ್ಲಿ ಡಾಲ್ಫಿನೇರಿಯಂ ಬೇಡ. ಡಾಲ್ಫಿನ್‌ಗಳ ಬುದ್ಧಿಮತ್ತೆ ನೋಡಿದರೆ ಅವನ್ನು ‘ಮಾನವೇತರ ವ್ಯಕ್ತಿ’ಗಳಂತೆ ಕಾಣಬೇಕು ಅನ್ನೋ ಮಾತೂ ಅದರಲ್ಲಿತ್ತು. ನಮ್ಮ ದೇಶ ಬೇಡ ಅಂದ ಅನುಭವವನ್ನೇ ನಾವು ವೀಸಾ ಮಾಡಿಸಿಕೊಂಡು ಹೋಗಿ ಕೊಳ್ತೀವಿ ಅನ್ನೋದು ಯೋಚಿಸಬೇಕಾದ ವಿಷಯ ಅಲ್ವಾ?

ಹಾಗಾದ್ರೆ ಸಮುದ್ರದಲ್ಲೇ ಈಜಿದರೆ?

ಇದು ಒಳ್ಳೆಯ ಪ್ರಶ್ನೆ. ಕೊಳಕ್ಕಿಂತ ಸಮುದ್ರ ವಾಸಿ. ಆದರೆ ಇಲ್ಲೂ ಒಂದು ಸೂಕ್ಷ್ಮ ಇದೆ. ಮಾರಿಷಸ್‌ನ ಪಶ್ಚಿಮ ತೀರದಲ್ಲಿ, ಹವಾಯಿಯಲ್ಲಿ ಕಾಣುವ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಪಾಳಿಯವು. ರಾತ್ರಿ ಆಳ ಸಮುದ್ರದಲ್ಲಿ ಬೇಟೆ, ಬೆಳಗ್ಗೆ ದಡದ ಹತ್ತಿರದ ತಿಳಿನೀರಿನ ಕೊಲ್ಲಿಗೆ ಬಂದು ವಿಶ್ರಾಂತಿ. ಮಲಗುವಾಗಲೂ ಮೆದುಳಿನ ಅರ್ಧ ಭಾಗ ಎಚ್ಚರ, ಇನ್ನರ್ಧ ನಿದ್ದೆ. ನಿಧಾನವಾಗಿ ಈಜುತ್ತಲೇ ನಿದ್ರಿಸುತ್ತವೆ. ನೋಡೋರಿಗೆ ಎದ್ದಿರೋ ಹಾಗೇ ಕಾಣುತ್ತೆ. ನಮ್ಮ ಬೋಟುಗಳು ಹೋಗೋದು ಸರಿಯಾಗಿ ಆ ಹೊತ್ತಿಗೇ. ಅಮೆರಿಕದ ಶಿಫ್ಟ್ ಮುಗಿಸಿ ಬೆಳಗ್ಗೆ ಮಲಗಿದವರ ರೂಮಿಗೆ ಪ್ರವಾಸಿಗರ ಗುಂಪು ನುಗ್ಗಿ ಸೆಲ್ಫಿ ತೆಗೆದರೆ ಹೇಗಿರುತ್ತೆ, ನಮ್ಮಲ್ಲಿ ಬಹಳ ಜನಕ್ಕೆ ಇದು ಬೇಗ ಅರ್ಥ ಆಗುತ್ತೆ. ಈ ಕಾರಣಕ್ಕೇ ಹವಾಯಿಯಲ್ಲಿ 2021ರಿಂದ ಸ್ಪಿನ್ನರ್ ಡಾಲ್ಫಿನ್‌ಗಳ 50 ಗಜದೊಳಗೆ ಹೋಗೋದು, ಈಜೋದು ನಿಷಿದ್ಧ.

ಓಪೋ ಇದ್ದ ನ್ಯೂಜಿಲೆಂಡ್ ಪಾಠ ಕಲಿತಿದೆ. ಅಲ್ಲಿನ ‘ಬೇ ಆಫ್ ಐಲೆಂಡ್ಸ್’ನಲ್ಲಿ ಬಾಟಲ್‌ನೋಸ್ ಡಾಲ್ಫಿನ್‌ಗಳ ಸಂಖ್ಯೆ 1999ರಿಂದ ಎರಡು ದಶಕಗಳಲ್ಲಿ ಶೇಕಡ 66ರಷ್ಟು ಕುಸಿಯಿತು. ಜನ ಪ್ರೀತಿಯಿಂದಲೇ ಅವನ್ನು ಸುಸ್ತು ಮಾಡುತ್ತಿದ್ದಾರೆ ಅಂತ 2019ರಲ್ಲಿ ಅಲ್ಲಿ ಅವುಗಳ ಜೊತೆ ಈಜೋದನ್ನು ನಿಲ್ಲಿಸಿದರು. ಅದೇ ದೇಶದ ಕೈಕೋರಾದಲ್ಲಿ ಡಸ್ಕಿ ಡಾಲ್ಫಿನ್‌ಗಳ ಜೊತೆ ಪರವಾನಗಿ ಇರುವ ಬೋಟಿನಲ್ಲಿ ಹೋಗಿ ಈಜಬಹುದು. ದೇಶದ ನಿಯಮ ಹೀಗಿದೆ: ಮರಿಗಳಿರುವ ಗುಂಪಿನ ಹತ್ತಿರ ನೀರಿಗಿಳಿಯುವಂತಿಲ್ಲ, 300 ಮೀಟರ್ ಒಳಗೆ ಮೂರಕ್ಕಿಂತ ಹೆಚ್ಚು ಬೋಟು ಇರುವಂತಿಲ್ಲ. ಅಂದರೆ ಪ್ರಶ್ನೆ ಈಜೋದಾ ಬಿಡೋದಾ ಅನ್ನೋದಷ್ಟೇ ಅಲ್ಲ. ಯಾವ ಜಾತಿ, ಯಾವ ಹೊತ್ತು, ಎಷ್ಟು ಜನ ಅನ್ನೋದೂ ಮುಖ್ಯ.

ಈಗ ತಯಾರಿ

ಇಷ್ಟು ಇತಿಹಾಸದಿಂದ ಸಿಗುವ ತಯಾರಿ ಪಟ್ಟಿ ಇದು.

ಒಂದು, ಬುಕ್ ಮಾಡೋ ಮುಂಚೆ ಕೇಳಿ: ಡಾಲ್ಫಿನ್ ಕೊಳದ್ದಾ, ಸಮುದ್ರದ್ದಾ? ಕೊಳದ್ದಾದರೆ ಎಲ್ಲಿಂದ ತಂದದ್ದು? ಏಜೆಂಟ್ ಮಾತು ಹಾರಿಸಿದರೆ ಉತ್ತರ ಸಿಕ್ಕ ಹಾಗೆ. ಎಕ್ಸ್‌ಪೀಡಿಯಾದಂಥ ದೊಡ್ಡ ಕಂಪನಿಯೇ 2021ರಲ್ಲಿ ಸೆರೆಯ ಡಾಲ್ಫಿನ್ ಪ್ಯಾಕೇಜು ಮಾರೋದನ್ನು ಬಿಡುವುದಾಗಿ ಹೇಳಿದೆ.

ಎರಡು, ಸಮುದ್ರದ್ದಾದರೆ ಕೇಳಿ: ಪರವಾನಗಿ ಇದೆಯಾ, ಎಷ್ಟು ಜನ ಒಟ್ಟಿಗೆ ಇಳಿಯುತ್ತಾರೆ, ಮರಿಗಳಿದ್ದರೆ ಏನು ಮಾಡ್ತೀರಿ, ಅವು ಕಾಣದಿದ್ದರೆ ಏನು? ‘ಗ್ಯಾರಂಟಿ ತೋರಿಸ್ತೀವಿ’ ಅನ್ನುವವರು ಅಟ್ಟಿಸಿಕೊಂಡು ಹೋಗುವವರು ಅಂತ ಲೆಕ್ಕ.

ಮೂರು, ನಿಮ್ಮ ಈಜು. ಅಪಾರ್ಟ್‌ಮೆಂಟಿನ ನಾಲ್ಕಡಿ ಕೊಳದಲ್ಲಿ ಕಲಿತ ಈಜು ತೆರೆದ ಸಮುದ್ರದಲ್ಲಿ ಸಾಲದು. ಎರಡು ತಿಂಗಳು ಮುಂಚೆಯೇ ಕಾಲು ನೆಲಕ್ಕೆ ತಾಗದ ಆಳದಲ್ಲಿ ಸುಮ್ಮನೆ ತೇಲೋದನ್ನು, ಸ್ನಾರ್ಕೆಲ್ ಬಾಯಲ್ಲಿಟ್ಟು ಗಾಬರಿಯಾಗದೆ ಉಸಿರಾಡೋದನ್ನು ಅಭ್ಯಾಸ ಮಾಡಿ. ಈಜು ಬರದಿದ್ದರೆ ಬೋಟಿನಲ್ಲೇ ಕೂತು ನೋಡಿ, ಅದರಲ್ಲಿ ಅವಮಾನ ಇಲ್ಲ. ಲೈಫ್ ಜಾಕೆಟ್ ಮಕ್ಕಳಿಗೂ ದೊಡ್ಡವರಿಗೂ ಸರಿಯಾದ ಅಳತೆಯದ್ದು ಇರಲಿ. ಬೋಟಿನಲ್ಲಿ ವಾಂತಿ ಬರುವವರು ಡಾಕ್ಟರನ್ನು ಕೇಳಿ ಮಾತ್ರೆಯನ್ನು ಹೊರಡುವ ಮುಂಚೆಯೇ ತಗೊಳ್ಳಿ. ವಾಂತಿ ಶುರುವಾದ ಮೇಲೆ ನುಂಗಿ ಉಪಯೋಗ ಇಲ್ಲ.

ನಾಲ್ಕು, ಹಿಪ್ಪೋ ಪಟ್ಟಣದ ಸುಗಂಧ ತೈಲ ನೆನಪಿದೆಯಲ್ಲ? ಅತ್ತರು, ಎಣ್ಣೆ, ಲೋಷನ್ ಬಳಿದುಕೊಂಡು ನೀರಿಗಿಳಿಯಬೇಡಿ. ಬಿಸಿಲಿಗೆ ತೋಳು ಮುಚ್ಚುವ ಈಜುಡುಗೆ ಸಾಕು. ಉಂಗುರ, ಬಳೆ, ವಾಚು ರೂಮಿನಲ್ಲೇ ಬಿಡಿ. ಅದರ ಚರ್ಮ ಬಹಳ ಸೂಕ್ಷ್ಮ, ಗೀರು ಬೀಳುತ್ತೆ.

ಐದು, ನೀರಿನಲ್ಲಿ ಮುಟ್ಟಬೇಡಿ, ಅಟ್ಟಬೇಡಿ, ಏನೂ ತಿನ್ನಿಸಬೇಡಿ. ಕೈ ಹತ್ತಿರ ಇಟ್ಟುಕೊಂಡು ಸುಮ್ಮನೆ ತೇಲಿ. ಬಂದರೆ ಬಂತು. ಪೆಲೋರಸ್ ಜ್ಯಾಕ್ 24 ವರ್ಷ ಬಂದಿದ್ದು ಯಾರೂ ಕರೆಯದೆಯೇ.

ಕೊನೆಯದಾಗಿ ನಮ್ಮೂರಿನ ಮಾತು. ಕಾರವಾರ, ಗೋಕರ್ಣದ ಕಡಲಲ್ಲಿ, ಪುಣೆಯವರಿಗೆ ಹತ್ತಿರದ ತಾರ್ಕರ್ಲಿಯಲ್ಲಿ, ಗೋವಾದಲ್ಲಿ ಹಂಪ್‌ಬ್ಯಾಕ್ ಡಾಲ್ಫಿನ್‌ಗಳು ದಡದ ಹತ್ತಿರವೇ ಇವೆ. ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ ಅವಕ್ಕೆ ರಕ್ಷಣೆ ಇದೆ. ಬೋಟ್ ಹತ್ತಿದಾಗ, ಡಾಲ್ಫಿನ್ ಕಂಡ ಕೂಡಲೇ ಬೋಟಿನವರು ವೇಗ ಹೆಚ್ಚಿಸಿದರೆ, ‘ಅಣ್ಣಾ, ಹತ್ತಿರ ಹೋಗೋದು ಬೇಡ, ಇಂಜಿನ್ ನಿಧಾನ ಮಾಡಿ, ದೂರದಿಂದಲೇ ನೋಡ್ತೀವಿ, ದುಡ್ಡು ಪೂರ್ತಿ ಕೊಡ್ತೀವಿ’ ಅಂತ ಹೇಳಿ. ಅವರೂ ಓಡಿಸೋದು ನಮಗೆ ಬೇಜಾರಾಗಬಾರದು ಅಂತ ತಾನೇ? ಆ ಕೊನೆಯ ಮಾತು ಹೇಳಿದರೆ ಅವರಿಗೂ ಅಟ್ಟಿಸಿಕೊಂಡು ಹೋಗೋ ಅನಿವಾರ್ಯ ಇರಲ್ಲ.

ಹಿಪ್ಪೋ ಊರಿಗೆ ಬಂದ ಅಧಿಕಾರಿಗಳಾಗಲಿ, ಓಪೊನೋನಿಗೆ ಕಾರು ಹತ್ತಿ ಬಂದವರಾಗಲಿ, ಬಹುಪಾಲು ಕೆಟ್ಟವರೇನಲ್ಲ. ನಮ್ಮ ಹಾಗೇ ಮನೆಮಂದಿ ಕಟ್ಟಿಕೊಂಡು, ಒಂದು ಸಲ ನೋಡಿ ಬರೋಣ ಅಂತ ಬಂದವರು. ಒಬ್ಬೊಬ್ಬರದೂ ಒಂದೊಂದೇ ಸಲ, ಡಾಲ್ಫಿನ್ನಿಗೆ ಮಾತ್ರ ಅದು ಪ್ರತಿದಿನ. ಈ ರಜೆಯಲ್ಲಿ ನಿಮ್ಮ ಮಗು ‘ನಾವ್ಯಾಕೆ ಮುಟ್ಟಬಾರದು ಅಪ್ಪಾ?’ ಅಂತ ಕೇಳಿದರೆ ಹೇಳೋಕೆ ಈಗ ನಿಮ್ಮ ಹತ್ತಿರ ಒಂದು ಕಥೆ ಇದೆ. ಹಿಪ್ಪೋದಿಂದ ಶುರು ಮಾಡಿ.

ನೀವು ಈಗಾಗಲೇ ಇಂಥ ಪ್ರವಾಸ ಮಾಡಿದ್ದರೆ ಅಲ್ಲಿ ಏನು ಕಂಡಿರಿ ಅಂತ ಬರೆದು ತಿಳಿಸಿ, ಬೇರೆಯವರಿಗೆ ಉಪಯೋಗ ಆಗುತ್ತೆ. ಮುಂದಿನ ವಾರ ಸಿಗೋಣ.